ಬೆಳ್ಳಟ್ಟಿಯ ಎಣ್ಣೆಗಲ್ಲು

ಮೂರನೆಯ ಸಲವೂ ಒದ್ದೆ ಕಾಗದ ಕಲ್ಲಿನಿಂದ ಜಾರಿ ನೆಲಕ್ಕೆ ಬಿತ್ತು.

“ಯಪ್ಪಾ, ಇದು ಆಟಾನೋ ತನಿಖಿನೋ?” ಬೀರವ್ವ ಸೊಂಟದ ಮೇಲೆ ಕೈಯಿಟ್ಟು ಕೇಳಿದಳು. “ನನ್ನ ಗಂಡ ಠಾಣೇದಾಗ ಕುಂತು ಐದು ದಿನಾತು. ನೀವು ನೋಡಿದ್ರ ಕಲ್ಲಿಗೆ ಕಾಗದ ಹಚ್ಚಿ ಬಡ್ಯಾಕತ್ತೀರಿ.”

“ಆಟಾನೂ ಹೌದು, ತನಿಖಿನೂ ಹೌದು,” ಎಂದ ಪುಂಡಲೀಕಪ್ಪ, ಕೈಯಲ್ಲಿದ್ದ ಕುಂಚ ಕೆಳಗಿಟ್ಟು ಬೆವರೊರೆಸಿಕೊಳ್ಳುತ್ತ. “ಎರಡನ್ನೂ ಬ್ಯಾರೆ ಬ್ಯಾರೆ ಮಾಡಾಕ ನನಗ ಬರೂದಿಲ್ಲ ಬೇ.”

ಬೆಳ್ಳಟ್ಟಿಯ ಊರಾಚೆ, ಬೇವಿನ ಮರದ ಬುಡದಲ್ಲಿ ಒಂದು ತಗ್ಗು ಬಾಯಿ ತೆರೆದುಕೊಂಡಿತ್ತು. ಊರವರು ತಮ್ಮೊಳಗೆ ಎಣ್ಣೆಗಲ್ಲು ಎಂದು ಕರೆಯುತ್ತಿದ್ದ ಎದೆಮಟ್ಟದ ಕಲ್ಲು ಹೋದ ಬುಧವಾರ ಬೆಳಗಾಗುವಷ್ಟರಲ್ಲಿ ಅಲ್ಲಿಂದ ಮಾಯವಾಗಿತ್ತು. ಅದಕ್ಕೆ ಎಣ್ಣೆ ಎರೆಯುವ ಮನೆತನದ, ಬೀರವ್ವನ ಗಂಡ ಸಕ್ರಪ್ಪನೇ ಅದನ್ನು ಹಳೆಯ ಕಲ್ಲುಗಳ ದಲಾಲಿಗೆ ಮಾರಿಕೊಂಡನೆಂದು ಪೊಲೀಸರು ಅವನನ್ನು ಹಿಡಿದಿದ್ದರು. ನಾಳೆ, ಮಂಗಳವಾರ, ಹನ್ನೊಂದು ಗಂಟೆಗೆ ಗದಗಿನ ಕೋರ್ಟು. ಅಷ್ಟರಲ್ಲಿ ಏನಾದರೂ ಸಿಕ್ಕದಿದ್ದರೆ ಸಕ್ರಪ್ಪ ಧಾರವಾಡದ ಜೈಲಿಗೆ.

ತಗ್ಗಿನ ಪಕ್ಕಕ್ಕೆ ಮೊಣಕಾಲುದ್ದದ ಒಂದು ಮರಿಗಲ್ಲು ಉಳಿದಿತ್ತು. ದೊಡ್ಡದಕ್ಕೆ ಎಣ್ಣೆ ಎರೆದು ಮಿಕ್ಕಿದ್ದನ್ನು ಇದಕ್ಕೂ ಎರೆಯುತ್ತಿದ್ದರಂತೆ. ಪುಂಡಲೀಕಪ್ಪ ಅದಕ್ಕೆ ಕೈಮುಗಿದು, “ತಪ್ಪಾತು ತಾಯಿ, ನಾಕನೇ ಸಲ,” ಎಂದು ಹೇಳಿ ಮತ್ತೊಂದು ಕಾಗದ ನೀರಿನಲ್ಲಿ ಅದ್ದಿದ.

ಶಾಸನದ ಅಚ್ಚು ತೆಗೆಯುವುದು ಹೇಗೆಂದು ಅವನು ನೌಕರಿಯಲ್ಲಿದ್ದಾಗ ನೋಡಿದ್ದ. ಒಬ್ಬ ಅಧಿಕಾರಿ ಬಂದಿದ್ದರು. ಇವನ ಕೆಲಸ ಅವರಿಗೆ ಕೊಡೆ ಹಿಡಿಯುವುದು. ಕಲ್ಲು ತೊಳೆದು, ಒದ್ದೆ ಕಾಗದ ಹಾಸಿ, ಅಕ್ಷರದ ಕುಳಿಯೊಳಕ್ಕೆ ಕಾಗದ ಇಳಿಯುವವರೆಗೆ ಕುಂಚದಿಂದ ಬಡಿಯಬೇಕು. ಆಮೇಲೆ ಮೇಲಿಂದ ಮಸಿ ಹಚ್ಚಿದರೆ ಕಪ್ಪು ಕಾಗದದಲ್ಲಿ ಅಕ್ಷರಗಳು ಬೆಳ್ಳಗೆ ಏಳುತ್ತವೆ. ಕಾಗದ ಕಲ್ಲಿಗೆ ಅಪ್ಪಿ ಕುಳಿತರೆ ಮಾತ್ರ.

ನಾಲ್ಕನೆಯದೂ ಜಾರಿತು.

“ಬೀರವ್ವಾ, ದೊಡ್ಡ ಕಲ್ಲಿಗೆ ಎಣ್ಣಿ ಎಷ್ಟ ದಿನಕ್ಕೊಮ್ಮಿ?”

“ಪ್ರತಿ ಅಮಾಸಿಗೆ. ನಮ್ಮತ್ತಿ, ಅವರತ್ತಿ, ಅವರತ್ತಿ ಕಾಲದಿಂದ. ಮಾನಾಮಿ ಅಮಾಸಿಗಂತೂ ಬುಡ್ಡೇಸಾಬನ ಗಾಣದಿಂದ ಐದ ಸೇರು ಕುಸುಬಿ ಎಣ್ಣಿ ಬರ್ತೈತಿ. ಹೊಸ ಎಣ್ಣಿ ತಗದ್ರ ಮೊದಲ ಇಲ್ಲಿಗೆ ಕೊಟ್ಟ ಅಂವ ಮಾರಾಕ ಕುಂಡ್ರತಾನ.”

“ಕಲ್ಲು ತಿಕ್ಕಿ ತೊಳಿಯೂದು?”

“ಯಾರರ ತೊಳದಾರೇನ್ರಿ ಎಣ್ಣಿಕಲ್ಲನ್ನ! ಬೆರಳ ದಪ್ಪ ಜಿಡ್ಡ ಐತಿ ಅದರ ಮ್ಯಾಲೆ. ಅದರಾಗ ಅಕ್ಷರ ಐತಂತ ಪೇಪರಿನ್ಯಾಗ ಬಂತು ಅಂದಾಗ ನಾವs ಬೆರಗಾದಿವಿ.”

ಪುಂಡಲೀಕಪ್ಪ ಎದ್ದು ನಿಂತ. ಬೀರವ್ವನ ಕಣ್ಣು ಅವನ ಧೋತರದ ಹಿಂಭಾಗಕ್ಕೆ ಹೋಯಿತು.

“ಕಳ್ಳನ್ನ ಆಮ್ಯಾಲ ಹಿಡದ್ರಾತು. ಮೊದಲ ನಿಮ್ಮ ಧೋತ್ರದ ಕಲಿ ನೋಡ್ರಿ. ಕರ್ರಗ ಆಗೇತಿ.”

“ದಸರಾದಿಂದ ಹಿಂಗ ಐತಿ. ನಾ ಹೆಂಡ್ತಿ ಮ್ಯಾಲೆ ತಪ್ಪು ಹಾಕ್ತೀನಿ, ಆಕಿ ಕಲ್ಲಿನ ಮ್ಯಾಲೆ ಹಾಕ್ತಾಳ. ಕಲ್ಲಿಗೆ ಬಾಯಿಲ್ಲ, ಕೇಸು ಅಲ್ಲಿಗೆ ನಿಂತೈತಿ.”

ಬೀರವ್ವನಿಗೆ ನಗು ಬರಲಿಲ್ಲ. ಅವನು ಎದೆಯುಬ್ಬಿಸಿ, ಮೀಸೆಯ ಮೇಲೆ ಕೈಯಾಡಿಸಿ, ಠಾಣೆಯ ಸಾಹೇಬರ ಮರಾಠಿಗನ್ನಡ ತೆಗೆದ: “ಕಾಯ್ ರೇ ಸಕ್ರಪ್ಪಾ, ಕಲ್ಲು ಕುಠೇ ಆಹೇ? ಖರೇ ಬೋಲ್, ನಾಹೀ ತರ ಚರ್ಮಾ ಸುಲಿತೀನಿ, ಸಮಜಲಾ?”

ಆಕೆ ಬೆಚ್ಚಿ ಹಿಂದಿರುಗಿ ನೋಡಿದಳು. ಆಮೇಲೆ ಸೆರಗು ಬಾಯಿಗೊತ್ತಿಕೊಂಡು ನಕ್ಕಳು, ನಗುತ್ತಿದ್ದಂತೆಯೇ ಕಣ್ಣೊರೆಸಿಕೊಂಡಳು.

“ನಾಳೆ ಮನಿಗೆ ಕರಕೊಂಡ ಬರ್ತೀರೇನ್ರಿ ಫೌಜದಾರ್ರ?”

“ಬುತ್ತಿ ಮಾಡಿಡು,” ಎಂದ ಪುಂಡಲೀಕಪ್ಪ. ಹೇಳಿದ ಮೇಲೆ ಅವನಿಗೇ ಭಯವಾಯಿತು.

*

ಫೌಜದಾರ್ರು ಎಂದು ಜನ ಈಗಲೂ ಕರೆಯುತ್ತಿದ್ದರೇ ಹೊರತು ಫೌಜದಾರಿಕೆ ಹೋಗಿ ಎಂಟು ವರ್ಷವಾಗಿತ್ತು. ಶಿರಹಟ್ಟಿ ಸಾಂಗ್ಲಿ ಸಂಸ್ಥಾನಕ್ಕೆ ಸೇರಿದ್ದಾಗ ಪುಂಡಲೀಕಪ್ಪ ಅಲ್ಲಿಯ ಫೌಜದಾರ. ನಲವತ್ತೆಂಟರ ಮಾರ್ಚಿನಲ್ಲಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು, ಅವನ ನೌಕರಿ ಗಾಳಿಯಲ್ಲಿ ಲೀನವಾಯಿತು. ಇನ್ನು ಮೂರು ದಿನಕ್ಕೆ, ನವೆಂಬರ್ ಒಂದಕ್ಕೆ, ಮುಂಬಯಿಯೂ ಹೋಗಿ ಮೈಸೂರು ರಾಜ್ಯ ಬರುತ್ತದೆ. ಕುಳಿತಲ್ಲೇ ಕುಳಿತು ಮೂರು ಸರಕಾರ ಕಂಡವನಿಗೆ ಮೊದಲನೆಯದು ಬಿಟ್ಟರೆ ಎಲ್ಲೂ ಕುರ್ಚಿ ಇರಲಿಲ್ಲ. ಕಚೇರಿಯ ಮುಂದೆ ಕುಳಿತು ಜನರ ಅರ್ಜಿ ಬರೆಯುತ್ತಿದ್ದ. ಅರ್ಜಿಯಿಂದ ಬಗೆಹರಿಯದ್ದನ್ನು ತಿರುಗಾಡಿ ಬಗೆಹರಿಸುತ್ತಿದ್ದ.

ಮಧ್ಯಾಹ್ನದ ಬಸ್ಸು ಅವನನ್ನು ಗದಗಿಗೆ ತಂದಿಳಿಸಿದಾಗ ಎರಡು ಗಂಟೆ. ದೀಪಾವಳಿ ರಜೆ; ಕೊರ್ಲಹಳ್ಳಿ ಅನಂತರಾಯರು ಮನೆಯಲ್ಲೇ ಇರಬೇಕು. ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುವ ಅನಂತ ಮಾಸ್ತರರು ವಾರಪತ್ರಿಕೆಗೆ ಜಗತ್ತಿನ ಅಪರೂಪದ ಇತಿಹಾಸ ಬರೆಯುತ್ತಿದ್ದರು. ಬೆಳ್ಳಟ್ಟಿಯ ಕಲ್ಲಿನಲ್ಲಿ ಶಾಸನವಿದೆಯೆಂದು ಅಚ್ಚು ಸಮೇತ ಬರೆದವರೂ ಅವರೇ. ಒಂದನೆಯ ತಾರೀಖಿನ ಮೆರವಣಿಗೆಯಲ್ಲಿ ಆ ಕಲ್ಲನ್ನು ಎತ್ತಿನ ಬಂಡಿಯ ಮೇಲಿಟ್ಟು, ಅದರ ಹಿಂದೆ ಮಾಸ್ತರರನ್ನು ನಡೆಸುವುದೆಂದು ಗದಗಿನಲ್ಲಿ ನಿಶ್ಚಯವಾಗಿತ್ತು. ಕಲ್ಲು ಕಳುವಾದಾಗ ಫಿರ್ಯಾದಿ ಕೊಟ್ಟವರೂ ಮಾಸ್ತರರೇ.

ಬಾಗಿಲು ಮುಚ್ಚಿತ್ತು. ಪುಂಡಲೀಕಪ್ಪ ಮೂಗು ಬಿಗಿಹಿಡಿದು ಅವರ ಹೆಡ್‌ಮಾಸ್ತರರ ಧ್ವನಿ ತೆಗೆದ: “ಅನಂತರಾವ್, ರಜಾ ಅಂದ್ರ ಮಲಗೂದೇನ್ರೀ?”

ಒಳಗೆ ಏನೋ ಉರುಳಿದ ಸದ್ದು. ಮಾಸ್ತರರು ಕೋಟಿನ ಗುಂಡಿ ಹಾಕಿಕೊಳ್ಳುತ್ತ ಓಡಿಬಂದು ಬಾಗಿಲು ತೆಗೆದರು.

ಧ್ವನಿ ತೆಗೆದಾಗಲೆಲ್ಲ ಪುಂಡಲೀಕಪ್ಪನಿಗೆ ಲಕ್ಕಪ್ಪನ ನೆನಪಾಗುತ್ತಿತ್ತು. ನೌಕರಿಗೆ ಸೇರುವ ಮೊದಲು ನಾಟಕ ಕಂಪನಿಯಲ್ಲಿ ಇಬ್ಬರದೂ ಜೋಡಿ. ಲಕ್ಕಪ್ಪನಿಗೆ ಬಾರದ ಧ್ವನಿಯಿರಲಿಲ್ಲ, ಆದರೆ ಯಾರನ್ನು ಅನುಕರಿಸಿದರೂ ಕೊನೆಗೆ ಎರಡು ಚಿಟಿಕೆ ಹೊಡೆಯದೆ ಅವನ ಕೈ ಸುಮ್ಮನಿರುತ್ತಿರಲಿಲ್ಲ, ಚಿಟಿಕೆಯಿಂದಲೇ ಸಿಕ್ಕಿಬೀಳುತ್ತಿದ್ದ. ನಿಜಾಮನ ಸೀಮೆಯ ಹೋರಾಟಕ್ಕೆಂದು ಮುಂಡರಗಿಯ ಶಿಬಿರ ಸೇರಿ, ನಲವತ್ತೆಂಟರ ಮಳೆಗಾಲದಲ್ಲಿ ತುಂಗಭದ್ರೆಯ ದಂಡೆಯ ಮೇಲೆ ಹೆಣವಾಗಿ ಸಿಕ್ಕಿದ್ದ.

“ನೀವೇನ್ರಿ!” ಮಾಸ್ತರರು ಆಚೆ ಈಚೆ ಹೆಡ್‌ಮಾಸ್ತರರನ್ನು ಹುಡುಕಿದರು. “ಬರ್ರಿ, ಒಳಗ ಬರ್ರಿ. ಕಲ್ಲು ಸಿಕ್ತೇನು?”

“ಕಲ್ಲಿನ ಕಥಿ ಕೇಳಾಕ ಬಂದೆ. ಪೇಪರಿನ್ಯಾಗ ಓದಿದ್ದೆ, ನಿಮ್ಮ ಬಾಯಿಂದ ಕೇಳೂ ಆಶಾ.”

ಗೋಡೆಯ ಮೇಲೆ ಕಟ್ಟು ಹಾಕಿಸಿದ ಅಚ್ಚು ತೂಗುತ್ತಿತ್ತು. ಕಪ್ಪಿನಲ್ಲಿ ಬೆಳ್ಳಗೆ ಹಳಗನ್ನಡದ ಅಕ್ಷರ. ನಡುವೆ ಮಾತ್ರ ಅಗಲವಾದ ಒಂದು ಭಾಗ ಅಕ್ಷರವೇ ಇಲ್ಲದೆ ನುಣ್ಣಗಿತ್ತು. ಬಲಗಡೆ ಕೆಳಮೂಲೆಯಲ್ಲಿ ಕೋಳಿಯ ಪಾದದಂಥ ಬಿರುಕು.

“ನಡುವ ಯಾಕ ಸವದೈತ್ರಿ?”

“ಮಳಿಗೆ.”

ನಿಂತ ಕಲ್ಲಿಗೆ ಮಳೆ ತಲೆಯ ಮೇಲೆ ಬೀಳುತ್ತದೆ, ಹೊಟ್ಟೆಯ ಮೇಲಲ್ಲ ಎಂದುಕೊಂಡ ಪುಂಡಲೀಕಪ್ಪ.

ಕಥೆ ಹೇಳು ಎಂದರೆ ಮಾಸ್ತರರಿಗೆ ಹಬ್ಬ. “ಈಜಿಪ್ತದೊಳಗ ಮರಳಾಗ ಹುಗದ ಹೋದ ಒಂದು ಊರದ. ಅಲ್ಲಿಯ ಕಸದ ತಿಪ್ಪಿ ಅಗದಾಗ ಹಳೇ ಹಾಳಿ ಸಿಕ್ಕವು. ಅದರಾಗ ಗ್ರೀಕರ ಒಂದು ನಗೆನಾಟಕ. ನಾಟಕದಾಗ ಒಬ್ಬ ಹಿಂದೂಸ್ತಾನದ ರಾಜಾ ಬರ್ತಾನ, ಅವ ಆಡೋ ಮಾತು ಗ್ರೀಕ್ ಅಲ್ಲ. ಅದು ಕನ್ನಡ ಅಂತ ಒಬ್ಬ ಜರ್ಮನ್ ಪಂಡಿತ ಐವತ್ತು ವರ್ಷದ ಹಿಂದ ಬರದಾನ. ಅಲ್ಲ ಅಂತ ವಾದಾ ಮಾಡೋರೂ ಇದ್ದಾರ.”

“ಎಷ್ಟ ವರ್ಷದ ಹಾಳಿ?”

“ಸಾವಿರದ ಎಂಟುನೂರರ ಸುಮಾರು.”

ಪುಂಡಲೀಕಪ್ಪ ಒಂದು ಕ್ಷಣ ತನಿಖೆ ಮರೆತ. “ಅಂದ್ರ ಅಷ್ಟ ದೂರ ಕುಂತ ಯಾವನೋ ನಮ್ಮ ಮಾತು ಅಣಕಿಸಿ ಮಂದೀನ್ನ ನಗಿಸ್ಯಾನ! ನಮ್ಮ ಬಳಗದಾಂವನ ಬಿಡ್ರಿ.”

“ಕೇಳದ ಮಾತು ಅಣಕಿಸ್ಲಿಕ್ಕೆ ಬರತದೇನ್ರಿ? ಯಾರೋ ಇಲ್ಲಿಂದ ಹೋಗಿರಬೇಕು. ಯಾರು ಅನ್ನೋದು ಈ ಕಲ್ಲಿನಾಗದ.” ಮಾಸ್ತರರ ಬೆರಳು ಗಾಜಿನ ಮೇಲೆ ಓಡಿತು. “ಪುಲಿಗೆರೆ, ಅಂದ್ರ ನಮ್ಮ ಲಕ್ಷ್ಮೇಶ್ವರ, ಅಲ್ಲಿಯ ಬಹುರೂಪಿಗಳ ವಂಶದವರು ಬರಸಿದ್ದು. ತಮ್ಮ ಹಿರಿಯರು ಪಡುವಣ ಕಡಲು ದಾಟಿ ಯವನರ ಅರಸನ್ನ ನಗಿಸಿ ಬಂದ್ರು ಅಂತದ.”

“ಛಂದ ಐತಿ. ಅಚ್ಚು ನೀವ ಖುದ್ದ ತಗದದ್ದು?”

“ಖುದ್ದಾಗಿ. ಅಕ್ಟೋಬರ್ ಐದಕ್ಕ. ಬರದೀನಲ್ಲ.”

“ಕಲ್ಲು ಮೊದಲ ತೊಳಿಬೇಕಂತಲ್ರಿ?”

“ಒಂದು ಕೊಡ ನೀರು ಹಾಕಿ ತೊಳದೆ.”

“ಒಂದ ಕೊಡ?”

“ಎರಡು ಇರಬೇಕು.”

“ಸೀಗಿಕಾಯಿ?”

ಮಾಸ್ತರರು ನಕ್ಕರು. “ಏನ್ ಫೌಜದಾರ್ರ! ಅದೇನು ಅಭ್ಯಂಜನದ ಕೂಸೇನು? ಕಲ್ಲಿಗೆ ಯಾರು ಎಣ್ಣಿ ಹಚ್ತಾರ?”

ಪುಂಡಲೀಕಪ್ಪ ನಗಲಿಲ್ಲ. ಅಷ್ಟರಲ್ಲಿ ಮಾಸ್ತರರ ತಾಯಿ ಯಮುನಾಬಾಯಿ ಅವಲಕ್ಕಿ, ಚಹಾ ತಂದಿಟ್ಟರು. ಅವನು ಎದ್ದು ನಮಸ್ಕಾರ ಮಾಡಿದ.

“ಬಾಯಾರ, ನಿಮ್ಮ ಮಗನ ಮ್ಯಾಲೆ ನನಗ ಸಿಟ್ಟದರಿ. ಘಟಾ ಕೂಡಿಸಿದ ದಿನ ಬೆಳ್ಳಟ್ಟಿತನಕ ಬಂದು, ಶಿರಹಟ್ಟಿ ದಾಟಿ ಹೋಗಿ, ನಮ್ಮ ಮನಿಗೆ ಬರಲಿಲ್ಲ ನೋಡ್ರಿ.”

“ಘಟಾ ಕೂಡಿಸಿದ ದಿನ?” ಯಮುನಾಬಾಯಿ ತಟ್ಟೆ ಕೆಳಗಿಟ್ಟರು. “ಯಾರು ಹೇಳ್ಯಾರಪ್ಪ ನಿಮಗ? ನಮ್ಮ ಮನಿಯೊಳಗ ನವರಾತ್ರಿ ನಂದಾದೀಪ ಇಟ್ಟವ ಒಂಬತ್ತು ದಿನ ಊರ ಸೀಮಿ ದಾಟೂಹಂಗಿಲ್ಲ. ಅವರಪ್ಪ ಹೋದಾಗಿಂದ ಅನಂತನ ಇಡ್ತಾನ. ಒಂದು ವರ್ಷ ತಪ್ಪಿಲ್ಲ.”

“ಅವ್ವಾ, ಒಳಗ ಹಾಲು ಉಕ್ಕತದ,” ಎಂದರು ಮಾಸ್ತರರು.

“ಹಾಲು ಇಳಿಸೇ ಬಂದೀನಿ,” ಎಂದು ಹೇಳಿ, ಮಗನ ಮುಖ ಒಮ್ಮೆ ನೋಡಿ, ಆಕೆ ಒಳಗೆ ಹೋದರು.

ಪುಂಡಲೀಕಪ್ಪ ಚಹಾದ ಕಪ್ಪು ಬದಿಗೆ ಸರಿಸಿದ.

“ಪಿತೃಪಕ್ಷದಾಗ ಹೊಸಾ ಕೆಲಸ ಹಿಡಿಬಾರದು, ಅಮಾಸಿಗೂ ಬ್ಯಾಡ, ಮರುದಿನ ಪಾಡ್ಯಾ ಛೊಲೋ ದಿನ ಅಂತ ಐದನೇ ತಾರೀಖು ಬರದ್ರಿ,” ಎಂದ ಪುಂಡಲೀಕಪ್ಪ. “ನಿಮ್ಮ ದೀಪ ನೆನಪಾಗಲಿಲ್ಲ. ಊರ ಮಂದಿ ಹಿಂದಿನ ದಿನ ಆ ಕಲ್ಲಿಗೆ ಐದ ಸೇರು ಎಣ್ಣಿ ಎರದಿದ್ದು ನಿಮಗ ಗೊತ್ತ ಇರಲಿಲ್ಲ. ಎಣ್ಣಿಕಲ್ಲಿಗೆ ಒದ್ದಿ ಕಾಗದ ನಿಲ್ಲೂದಿಲ್ರಿ. ಮುಂಜಾನೆ ನಾಕು ಹಾಳಿ ಕೆಡಿಸಿ ಬಂದೀನಿ. ನೀವು ಆ ಕಲ್ಲು ನೋಡೇ ಇಲ್ಲ.”

ಮಾಸ್ತರರು ಕೋಟಿನ ಗುಂಡಿ ಬಿಚ್ಚಿದರು, ಮತ್ತೆ ಹಾಕಿದರು.

“ಅಂಚಿಯೊಳಗ ಬಂತು,” ಎಂದರು ಕೊನೆಗೆ. “ಅರಿವಿಯೊಳಗ ಹೊಲದ ಒಂದು ಪಾರ್ಸಲ್. ನವರಾತ್ರಿಯೊಳಗ. ಹೆಸರಿಲ್ಲ, ಊರಿಲ್ಲ. ಬೆಳ್ಳಟ್ಟಿ ಬೇವಿನ ಗಿಡದ ಬುಡದ ಕಲ್ಲಿನ ಅಚ್ಚು, ನಿಮ್ಮ ಹೆಸರಲೇ ಪ್ರಕಟ ಮಾಡ್ರಿ, ನನಗ ಹೆಸರು ಬ್ಯಾಡ ಅಂತ ಒಂದು ಚೀಟಿ. ಇಪ್ಪತ್ತು ವರ್ಷ ನಾನು ಬ್ಯಾರೆಯವರು ಕಂಡುಹಿಡಿದದ್ದನ್ನ ಬರಕೋತ ಬಂದೀನಿ, ಫೌಜದಾರ್ರ. ಒಮ್ಮೆ ನನ್ನದೂ ಅಂತ ಒಂದು ಇರಲಿ ಅನಸ್ತು.”

“ಕಲ್ಲು ನೀವು ತಗಸಿಲ್ಲ?”

“ದೇವರಾಣಿ ಇಲ್ಲ. ಕಳುವಾಯ್ತು ಅಂದಾಗ ಖರೇನ ಅತ್ತೆ. ಅದಕ್ಕ ಫಿರ್ಯಾದಿ ಕೊಟ್ಟೆ.”

“ಅಕ್ಷರದ ಕಲ್ಲು ಕಳುವಾತು ಅಂತ ಫಿರ್ಯಾದಿ. ಬೆಳ್ಳಟ್ಟಿಯೊಳಗ ಅಕ್ಷರದ ಕಲ್ಲ ಇರಲಿಲ್ಲ ಅಂದ್ರ ಸಕ್ರಪ್ಪ ಮಾರೂದೇನು, ದಲಾಲಿ ಕೊಳ್ಳೂದೇನು? ಜಿಡ್ಡು?” ಪುಂಡಲೀಕಪ್ಪ ಮುಂದಕ್ಕೆ ಬಾಗಿದ. “ನಾಳೆ ಕೋರ್ಟಿನ್ಯಾಗ ಇದನ್ನ ಹೇಳ್ರಿ.”

“ಒಂದನೇ ತಾರೀಖಿಗೆ ನನಗ ಶಾಲು ಹೊದಸ್ತಾರ…”

“ಸಕ್ರಪ್ಪಗ ಕಂಬಳಿ ಹೊದಸ್ತಾರ. ಜೈಲಿನ್ಯಾಗ.”

ಮಾ‌ಸ್ತರರು ಗೋಡೆಯ ಅಚ್ಚಿನ ಕಡೆ ಒಮ್ಮೆ ನೋಡಿದರು. “ಬರ್ತೀನಿ,” ಎಂದರು. “ಆದರ ನನ್ನ ಮಾತು ಸಾಕಾಗತದೇನ್ರಿ? ಅಚ್ಚು ಅದ ಅಂದ ಮ್ಯಾಲೆ ಅಚ್ಚಿನ ಕಲ್ಲು ಎಲ್ಲೋ ಇರಬೇಕಲ್ಲ. ಎಲ್ಲಿ ಅಂತ ಕೇಳ್ತಾರ.”

ಅದು ನಿಜ. ಈ ಅಕ್ಷರದ ಕಲ್ಲು ಬೇರೆ ಕಡೆ ಕಣ್ಣಿಗೆ ಕಂಡರೆ ಮಾತ್ರ ಕೇಸು ಕುಸಿಯುತ್ತದೆ. ಎಣ್ಣೆ ಕಾಣದ ಕಲ್ಲು. ನಡುವೆ ಮಾತ್ರ ಸವೆದ ಕಲ್ಲು. ಪುಂಡಲೀಕಪ್ಪ ಯೋಚಿಸುತ್ತ ಎದ್ದು ಬಾಗಿಲ ಕಡೆ ತಿರುಗಿದ.

“ಅಯ್ಯ, ಧೋತ್ರಕ್ಕ ಮಸಿ ಹತ್ತೇದಲ್ರಿ,” ಎಂದರು ಮಾಸ್ತರರು. “ನಮ್ಮ ಕುರ್ಚಿದಲ್ಲ ಮತ್ತ.”

“ಅಲ್ಲ ಅಲ್ಲ, ಇದು ಮನೀದು. ನಮ್ಮಾಕಿ ಅಂತಾಳ, ಒಗಿಯೂ ಕಲ್ಲs ಮಸಿ ಬಿಡತೈತಿ…”

ಮಾತು ಅಲ್ಲೇ ನಿಂತಿತು.

ಅವನು ನಿಧಾನವಾಗಿ ಹಿಂದಿರುಗಿ ಗೋಡೆಯ ಹತ್ತಿರ ಹೋದ. ಬಲಗಡೆ ಕೆಳಮೂಲೆಯ ಕೋಳಿಪಾದದ ಮೇಲೆ ಬೆರಳಿಟ್ಟ. ಎಂಟು ವರ್ಷದಿಂದ ಪ್ರತಿದಿನ ಬೆಳಿಗ್ಗೆ ಅವನು ಸ್ನಾನಕ್ಕೆ ಕೂರುವಾಗ ಎಡಗಾಲಿನ ಹೆಬ್ಬೆರಳು ತಾಗುತ್ತಿದ್ದದ್ದು ಈ ಬಿರುಕಿಗೇ. ಅಮೃತವ್ವ ಅರಿವೆ ಬಡಿಯುವುದು ಈ ನುಣ್ಣನೆಯ ನಡುವಿನ ಮೇಲೇ. ದಿನಾ ಸಾಬೂನು, ದಿನಾ ಚೌಳುಮಣ್ಣು. ಅದರ ಮೇಲೆ ಎಣ್ಣೆ ನಿಲ್ಲುವುದೆಲ್ಲಿಂದ? ಸುತ್ತಲಿನ ಗೀರುಗಳನ್ನು ಅವನು ಅಕ್ಷರವೆಂದು ಎಂದೂ ಎಣಿಸಿರಲಿಲ್ಲ. ಬೀಸುವ ಕಲ್ಲಿಗೆ ಉಳಿ ಹೊಡೆಸುವಂತೆ ಇದಕ್ಕೂ ಯಾರೋ ಹೊಡೆಸಿದ್ದಾರೆ ಎಂದುಕೊಂಡಿದ್ದ.

ನವರಾತ್ರಿಯ ಹಿಂದಿನ ದಿನದ ಮಾನವಮಿ ಅಮಾವಾಸ್ಯೆಗೆ ಗಂಡಹೆಂಡತಿ ಇಬ್ಬರೂ ಆಕೆಯ ತವರು ಹೊಂಬಳಕ್ಕೆ ಹೋಗಿದ್ದರು. ಎರಡು ದಿನ ಮನೆಗೆ ಬೀಗ. ಆಗ ಯಾರೋ ಹಿತ್ತಲಿಗೆ ಇಳಿದು ಅಚ್ಚು ತೆಗೆದಿದ್ದಾರೆ. ತೆಳು ಕಾಗದದಿಂದ ಮಸಿ ಕಲ್ಲಿಗೆ ಇಳಿದಿದೆ, ಕಲ್ಲಿನಿಂದ ಧೋತರಕ್ಕೆ.

ಇನ್ನೊಂದು ಸಂಗತಿಯೂ ಇತ್ತು, ಬೆವರು ಬರಿಸುವಂಥದ್ದು. ಆ ಕಲ್ಲು ಸಂಸ್ಥಾನದ ಹಳೆಯ ಚಾವಡಿಯ ಹಿಂದೆ ಬಿದ್ದಿತ್ತು. ವಿಲೀನದ ವಾರ, ಯಾರ ಸರಕಾರ ಯಾರ ಆಸ್ತಿ ಎಂದು ಯಾರಿಗೂ ತಿಳಿಯದ ಆ ಗದ್ದಲದಲ್ಲಿ, ಪುಂಡಲೀಕಪ್ಪ ಅದನ್ನು ಬಂಡಿಗೆ ಹಾಕಿಸಿ ಮನೆಗೆ ಸಾಗಿಸಿದ್ದ. ಸರಕಾರಿ ಕಲ್ಲು ಕದ್ದವನನ್ನು ಅವನು ಊರೂರು ಹುಡುಕುತ್ತಿದ್ದ. ಅವನು ದಿನಾ ಬೆಳಿಗ್ಗೆ ಅದರ ಮೇಲೆಯೇ ಕೂತು ಮೈ ತಿಕ್ಕಿಕೊಳ್ಳುತ್ತಿದ್ದ.

ಸಕ್ರಪ್ಪನನ್ನು ಬಿಡಿಸಬೇಕಾದರೆ ನಾಳೆ ಕೋರ್ಟಿನಲ್ಲಿ ಅದನ್ನೂ ಹೇಳಬೇಕು. ಹೇಳುತ್ತೇನೆ ಎಂದು ಅವನು ಅಲ್ಲಿಯೇ ತೀರ್ಮಾನಿಸಿದ.

“ಮಾಸ್ತರ, ಹನ್ನೊಂದಕ್ಕ ಕೋರ್ಟಿಗೆ ಬರ್ರಿ. ಕಲ್ಲು ನಾ ತರ್ತೀನಿ.”

“ಎಲ್ಲಿಂದ ತರ್ತೀರಿ?”

“ನನ್ನ ಬಚ್ಚಲದಿಂದ!” ಎಂದು ಕೂಗಿ ಅವನು ಬಸ್ಸಿಗೆ ಓಡಿದ.

*

ಶಿರಹಟ್ಟಿಯಲ್ಲಿ ಬಸ್ಸು ಇಳಿದಾಗ ಮನೆಮನೆಗೆ ದೀಪ ಹಚ್ಚುತ್ತಿದ್ದರು. ಅಮೃತವ್ವ ಪಡಸಾಲೆಯಲ್ಲಿ ಕುಳಿತು ಒಣಗಿದ ಅರಿವೆ ಮಡಚುತ್ತಿದ್ದಳು. ಪುಂಡಲೀಕಪ್ಪ ಮಾತಾಡದೆ ನೆಟ್ಟಗೆ ಹಿತ್ತಲಿಗೆ ನಡೆದ.

ಬಚ್ಚಲ ಪಕ್ಕದ ನೆಲದಲ್ಲಿ ಚೌಕನೆಯ ಒಂದು ಹಸಿ ಗುರುತಿತ್ತು. ಅದರಲ್ಲಿ ಎರೆಹುಳ ಹರಿದಾಡುತ್ತಿದ್ದವು. ಹಿತ್ತಲ ಬಾಗಿಲವರೆಗೆ ಕಲ್ಲು ಎಳೆದೊಯ್ದ ಗೆರೆ.

“ಅಮೃತಾ! ಕಲ್ಲೆಲ್ಲಿ?”

“ಏನು ಕೇಳ್ತೀರಿ ಹಂಗ?” ಆಕೆ ಒಂದು ಧೋತರ ಹೆಗಲ ಮೇಲೆ ಹಾಕಿಕೊಂಡು ಬಂದಳು. “ನೀವs ಕೊಡಾಕ ಹೇಳಿದ್ರಲ್ಲ.”

“ನಾನು? ಯಾವಾಗ?”

“ಮಧ್ಯಾಹ್ನ ಮೂರರ ಸುಮಾರ. ಇಬ್ಬರು ಆಳು ಬಂಡಿ ತಂದ್ರು. ನಾ ಕೊಡೂದಿಲ್ಲ ಅಂದೆ. ನೀವು ಗ್ವಾಡಿ ಆಚೆಯಿಂದ ಒದರಿದ್ರಿ, ‘ಅಮ್ಮೀ, ಕೊಟ್ಟು ಕಳಸು, ಕೋರ್ಟಿಗೆ ಬೇಕಾಗೇತಿ’ ಅಂತ. ಮಂದಿ ಮುಂದ ಅಮ್ಮೀ ಅಂತೀರಲ್ಲ ಅಂತ ನನಗ ನಾಚಿಗಿ ಬಂತು.”

ಮೂರು ಗಂಟೆಗೆ ಅವನು ಗದಗಿನಲ್ಲಿ ಅವಲಕ್ಕಿ ತಿನ್ನುತ್ತಿದ್ದ.

ಅಮ್ಮೀ. ಆ ಹೆಸರು ಅವನು ನಾಲ್ಕು ಗೋಡೆಯೊಳಗಷ್ಟೇ ಕರೆಯುತ್ತಿದ್ದದ್ದು. ಹೊರಗಿನವರಲ್ಲಿ ಅದನ್ನು ಕೇಳಿ ಬಲ್ಲವನು ಒಬ್ಬನೇ ಇದ್ದ: ಈ ಮನೆಯ ಪಡಸಾಲೆಯಲ್ಲಿ ತಿಂಗಳುಗಟ್ಟಲೆ ಮಲಗೆದ್ದವನು, ಆ ಕಲ್ಲನ್ನು ಚಾವಡಿಯ ಹಿಂದಿನಿಂದ ಬಂಡಿಗೆ ಎತ್ತುವಾಗ ಇನ್ನೊಂದು ತುದಿ ಹಿಡಿದಿದ್ದವನು.

“ಅಮೃತಾ, ನೆನಪ ಮಾಡಿ ಹೇಳು,” ಎಂದ. “ಒದರಿದ ಮ್ಯಾಲೆ ಮತ್ತೇನರ ಕೇಳಿಸ್ತೇನು?”

“ಮತ್ತೇನು? ಆಳುಗಳಿಗೆ ಜಲ್ದಿ ಮಾಡ್ರಿ ಅಂತ ಚಿಟಿಕಿ ಹೊಡದ್ರಿ.”

“ಎಷ್ಟು?”

“ಎರಡು,” ಎಂದು ಅಮೃತವ್ವ ಬೆರಳು ಕೂಡಿಸಿ ಹೊಡೆದು ತೋರಿಸಿದಳು.

ಪುಂಡಲೀಕಪ್ಪ ಬಚ್ಚಲ ಕಟ್ಟೆಯ ಮೇಲೆ ಕುಳಿತ. ನಾಳೆ ಹನ್ನೊಂದಕ್ಕೆ ಸಕ್ರಪ್ಪನನ್ನು ಉಳಿಸಬಹುದಾಗಿದ್ದ ಒಂದೇ ಸಾಕ್ಷಿಯನ್ನು ಲಕ್ಕಪ್ಪ ಹೊತ್ತೊಯ್ದಿದ್ದ. ಎಂಟು ವರ್ಷದ ಹಿಂದೆ, ಮುಂಡರಗಿಯ ಹೊಳೆದಂಡೆಯಲ್ಲಿ ನೀರು ತಿಂದ ಒಂದು ಮುಖದ ಮೇಲಿನ ಅರಿವೆ ಸರಿಸಿ, “ಹೌದು, ಇಂವ ಲಕ್ಕಪ್ಪನ,” ಎಂದು ಸರಕಾರಿ ಕಾಗದಕ್ಕೆ ಸಹಿ ಹಾಕಿದ್ದವನು ತಾನೇ.